ಕರ್ನಲ್‌ನಲ್ಲಿ ಮೆಮೊರಿ ಸೋರಿಕೆ: ಹಿಡಿದವರು ಯಾರಾದರೂ ಇದ್ದೀರಾ?

ಹೊಸಬ: ಲಿನಕ್ಸ್ ಸರ್ವರ್, ಕರ್ನಲ್ (ಓಎಸ್‌ನ ತಿರುಳು) 5.10. ಎಸ್‌ಅನ್‌ರಿಕ್ಲೈಮ್ (ಕರ್ನಲ್ ಹಿಡಿದಿರುವ, ಬೇಕೆಂದಾಗ ವಾಪಸ್ ಸಿಗದ ಮೆಮೊರಿ) ದಿನಕ್ಕೆ ಸುಮಾರು 300 ಎಂಬಿ ಏರುತ್ತಿದೆ. ಪ್ರೊಸೆಸ್‌ಗಳನ್ನೆಲ್ಲ ನಿಲ್ಲಿಸಿದರೂ ಇಳಿಯುತ್ತಿಲ್ಲ. ಕರ್ನಲ್ ಮೆಮೊರಿಯ ಲೆಕ್ಕ ತೋರಿಸುವ ಸ್ಲ್ಯಾಬ್‌ಟಾಪ್‌ನಲ್ಲಿ ಕೆಮ್ಯಾಲಕ್-256 (256 ಬೈಟ್ ತುಣುಕುಗಳ ಕ್ಯಾಶ್) ಮೇಲೆಯೇ ಕೂತಿದೆ. ನೀವು ಹೇಗೆ ಹಿಡಿದಿರಿ?

ನಿದ್ದೆಗೆಟ್ಟವ: ನನಗೆ 11 ದಿನ ಬೇಕಾಯಿತು. ಅದರಲ್ಲಿ 4 ದಿನ ಬರೀ ದಂಡ. ಕರ್ನಲ್‌ನ ಸೋರಿಕೆ ಹುಡುಕುವ ಟೂಲ್ ಕೆಮೆಮ್‌ಲೀಕ್ ಆನ್ ಮಾಡಿ ಕರ್ನಲ್ ಕಟ್ಟಿದೆ. ರಿಪೋರ್ಟ್ ಫೈಲ್ ತೆರೆದರೆ ಖಾಲಿ. ಖುಷಿಯಾಗಿ ‘ಸೋರಿಕೆ ಕರ್ನಲ್‌ನದಲ್ಲ’ ಎಂದು ಇಡೀ ಟೀಮಿಗೆ ಮೇಲ್ ಬೇರೆ ಹಾಕಿದೆ! ಆಮೇಲೆ ನೋಡಿದರೆ ಬೂಟ್ ಆಗುವಾಗಲೇ ಅದರ ಮೆಮೊರಿ ಪೂಲ್ ಮುಗಿದು, ಅದು ತಾನೇ ಆಫ್ ಆಗಿದೆ. ಲಾಗ್‌ನಲ್ಲಿ ಒಂದು ಸಾಲು ಇತ್ತು, ನಾನೇ ಕಂಡಿರಲಿಲ್ಲ. ಪೂಲ್ 16000ದಿಂದ 64000ಕ್ಕೆ ಏರಿಸಿ ಮತ್ತೆ ಬಿಲ್ಡ್, ಮತ್ತೆ ರೀಬೂಟ್. ಕೊನೆಗೆ ಸಿಕ್ಕಿದ್ದು ಏನು? ಡ್ರೈವರ್‌ನಲ್ಲಿ ಟೈಮ್‌ಔಟ್ ಆದರೆ ನೇರ ರಿಟರ್ನ್, ಮೆಮೊರಿ ವಾಪಸ್ ಕೊಡುವ ಕೆಫ್ರೀ ಇಲ್ಲ. ಪ್ಯಾಚ್ ಒಂದೇ ಸಾಲು.

ಲಿಸ್ಟ್_ಹೆಡ್: ಕೆಮೆಮ್‌ಲೀಕ್ ನಂಬಿ ನಾನೂ ಕೆಟ್ಟೆ. ನನ್ನ ಆಬ್ಜೆಕ್ಟ್‌ಗಳು ಒಂದು ಲಿಸ್ಟ್‌ಗೆ ಸೇರಿಕೊಂಡೇ ಇದ್ದವು, ತೆಗೆಯುವವರು ಯಾರೂ ಇಲ್ಲ. ಎಲ್ಲಾದರೂ ಪಾಯಿಂಟರ್ (ಆ ಆಬ್ಜೆಕ್ಟ್‌ನ ಮೆಮೊರಿ ವಿಳಾಸ) ಸಿಕ್ಕರೆ ಸಾಕು, ಅದು ಸೋರಿಕೆ ಅಲ್ಲ ಅನ್ನುತ್ತದೆ ಆ ಮಹಾರಾಯ. ಇನ್ನೊಂದು ಸಂಕಟ: ಕರ್ನಲ್‌ನಲ್ಲಿ ಮೆಮೊರಿ ಹಂಚುವ ಸ್ಲಬ್ ಒಂದೇ ಅಳತೆಯ ಕ್ಯಾಶ್‌ಗಳನ್ನು ಒಟ್ಟು ಸೇರಿಸುತ್ತದೆ. ಸ್ಲ್ಯಾಬ್‌ಟಾಪ್ ತೋರಿಸಿದ ಹೆಸರು ನೋಡಿ ಒಂದು ವಾರ ಪಾಪ ಬೇರೆಯವರ ಕೋಡ್ ಬೈದೆ. ಮೆಮೊರಿ ಕೇಳಿದ್ದು ಯಾವ ಫಂಕ್ಷನ್ ಎಂದು ಬರೆದಿಡುವ ಸ್ಲಬ್_ಡೀಬಗ್=ಯು ಆಯ್ಕೆ ಹಾಕಿ ಬೂಟ್ ಮಾಡಿದ ಮೇಲೆ ಅಲಾಕ್_ಕಾಲ್ಸ್ ಫೈಲ್‌ನಲ್ಲಿ ಒಂದೇ ಫಂಕ್ಷನ್ ಎದುರು 41 ಲಕ್ಷ ಅಂತಿತ್ತು. ಹೊಟ್ಟೆ ತೊಳಸಿತು, ಬರೆದವನು ನಾನೇ.

ನಿದ್ದೆಗೆಟ್ಟವ: ಟೂಲ್ ತಪ್ಪಲ್ಲ, ಅದನ್ನು ಓದುವವರ ತಪ್ಪು. ಪಾಯಿಂಟರ್ ಹುಡುಕುವುದೇ ಅದರ ಕೆಲಸ ಅಲ್ವಾ?

ಲಿಸ್ಟ್_ಹೆಡ್: ಲಾಗ್ ಓದದೆ ಮೇಲ್ ಹಾಕಿದವರು ಓದುವ ಪಾಠ ಹೇಳಬೇಡಿ.

ಹೊಸ_ಕರ್ನಲ್: ಇದೆಲ್ಲ ಯಾಕೆ? 2024ರಲ್ಲಿ ಬಂದ 6.10ರಲ್ಲಿ ಅಲೊಕೇಶನ್ ಪ್ರೊಫೈಲಿಂಗ್ ಇದೆ. ಅದರ ಅಲಾಕ್‌ಇನ್ಫೋ ಫೈಲ್ ತೆರೆದರೆ ಯಾವ ಸಾಲಿನ ಕೋಡ್ ಎಷ್ಟು ಬೈಟ್ ಹಿಡಿದಿದೆ ಅಂತ ನೇರ ತೋರಿಸುತ್ತದೆ. ನಾನು ಅರ್ಧ ಗಂಟೆಯಲ್ಲಿ ಹಿಡಿದೆ.

ಲಿಸ್ಟ್_ಹೆಡ್: ಅವರು 5.10 ಅಂತ ಬರೆದಿದ್ದಾರೆ. ಕಣ್ಣು ಬಿಟ್ಟು ಓದಿದಿರಾ?

ಹೊಸ_ಕರ್ನಲ್: ಅಪ್‌ಗ್ರೇಡ್ ಮಾಡಲಿ. ಅಷ್ಟಕ್ಕೂ ಡ್ರೈವರನ್ನು ಸಿ ಬಿಟ್ಟು ರಸ್ಟ್ ಭಾಷೆಯಲ್ಲಿ ಬರೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ನಿದ್ದೆಗೆಟ್ಟವ: ಬಂತು ನೋಡಿ ರಸ್ಟ್. ಮೆಮೊರಿ ಬಿಡಿಸದೆ ಹಾಗೇ ಮರೆತುಬಿಡುವ ಮೆಮ್ ಫರ್ಗೆಟ್ ಅಲ್ಲಿ ‘ಸೇಫ್’ ಫಂಕ್ಷನ್. ಸೋರಿಕೆ ತಡೆಯುತ್ತೇವೆ ಅಂತ ಅವರೇ ಎಲ್ಲೂ ಹೇಳಿಲ್ಲ.

ಹೊಸ_ಕರ್ನಲ್: ಕೆಫ್ರೀ ಮರೆಯುವುದೂ, ಬೇಕೆಂದೇ ಫರ್ಗೆಟ್ ಕರೆಯುವುದೂ ಒಂದೇನಾ?

ಲಿಸ್ಟ್_ಹೆಡ್: ನನ್ನ ಲಿಸ್ಟ್ ಸೋರಿಕೆ ರಸ್ಟ್‌ನಲ್ಲೂ ಹಾಗೇ ಆಗುತ್ತಿತ್ತು.

ಹೊಸಬ: ಸ್ಲಬ್_ಡೀಬಗ್ ಹಾಕಿ ರೀಬೂಟ್ ಮಾಡಿದೆ. ಈಗ ಏನೂ ಏರುತ್ತಲೇ ಇಲ್ಲ!

ನಿದ್ದೆಗೆಟ್ಟವ: ಖುಷಿಪಟ್ಟು ಮೇಲ್ ಹಾಕಬೇಡಿ. ಟೈಮ್‌ಔಟ್ ಆಗುವ ತನಕ ನನ್ನದೂ ಏರುತ್ತಿರಲಿಲ್ಲ.