ಎರೆ ಮಣ್ಣು, ಬೋರ್ ನೀರು: ಕಾಂಪೌಂಡಿಗೆ ಇಕ್ಸೋರಾನೋ ಬೋಗನ್‌ವಿಲ್ಲಾನೋ?

ಪ್ರಶ್ನೆ (ರಾಯಚೂರು):
20 ಅಡಿ ಉದ್ದದ ಕಾಂಪೌಂಡ್ ಗೋಡೆಗುಂಟ ಹೂವಿನ ಗಿಡ ಹಾಕಬೇಕು. ಮಧ್ಯಾಹ್ನದಿಂದ ಸಂಜೆವರೆಗೂ ಪಡುವಣ ಬಿಸಿಲು. ಎರೆ ಮಣ್ಣು, ಬೋರ್ ನೀರು ಬಹಳ ಗಡಸು. ಓಣಿಯಲ್ಲಿರುವ ಇಕ್ಸೋರಾಗಳೆಲ್ಲ ಹಳದಿ ತಿರುಗಿವೆ. ಯೂರಿಯಾ ಹಾಕಿದರೆ ಸರಿಹೋಗುತ್ತದಾ, ಇಲ್ಲ ಬೋಗನ್‌ವಿಲ್ಲಾನೇ ಹಾಕಲಾ?

ಉತ್ತರ 1:
ಆ ಗೋಡೆಗೆ ಬೋಗನ್‌ವಿಲ್ಲಾನೇ ಹಾಕಿರಿ. ಇಕ್ಸೋರಾ ಹುಳಿ ಮಣ್ಣಿನ ಗಿಡ, ಕರಾವಳಿಯ ಗುಡ್ಡಗಳಲ್ಲಿ ಕೇಪಳ ಅಂತ ತಾನಾಗಿ ಬೆಳೆಯುವಂಥದ್ದು. ಅದಕ್ಕೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಾದರೆ ಹುಳಿ) 5.5ರಿಂದ 6.5 ಬೇಕು, ನಮ್ಮ ಎರೆ ಮಣ್ಣು ಸಾಮಾನ್ಯವಾಗಿ 8ರ ಆಸುಪಾಸು. ಆ ಮಣ್ಣಲ್ಲಿ ಕಬ್ಬಿಣ ಇದ್ದರೂ ಕರಗದು, ಬೇರಿಗೆ ಸಿಗದು. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಇದೇ ಕಾರಣ. ಇದಕ್ಕೆ ಯೂರಿಯಾ ಮದ್ದಲ್ಲ. ಸಾರಜನಕದ ಕೊರತೆ ಹಳೆ ಎಲೆಯಲ್ಲಿ ಮೊದಲು ಕಾಣುತ್ತದೆ. ರಂಜಕದ ಗೊಬ್ಬರ ಡಿಎಪಿಯಂತೂ ಬೇಡವೇ ಬೇಡ, ರಂಜಕ ಹೆಚ್ಚಾದರೆ ಕಬ್ಬಿಣ ಇನ್ನಷ್ಟು ಸಿಗದಂತಾಗುತ್ತದೆ. ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಬುರುಬುರು ನೊರೆ ಎದ್ದರೆ ಸುಣ್ಣ ಇದೆ, ಅಲ್ಲಿ ಇಕ್ಸೋರಾ ನೆಲಕ್ಕೆ ಇಳಿಸಬೇಡಿ.

ಉತ್ತರ 2:
ಬೋಗನ್‌ವಿಲ್ಲಾಕ್ಕೆ ಸುಣ್ಣ ತಡೆಯುವ ಶಕ್ತಿ ಇದೆ, ಬೇರಿನಲ್ಲಿ ನೀರು ನಿಂತರೆ ಮಾತ್ರ ತಡೆಯದು. ಎರೆಯಲ್ಲಿ ಬರೀ ಗುಂಡಿ ತೋಡಿದರೆ ಮಳೆಗಾಲದಲ್ಲಿ ಅದು ಬಾನಿಯಾಗುತ್ತದೆ. ಅರ್ಧ ಮಸಾರಿ (ಕೆಂಪು) ಮಣ್ಣು, ಕಾಲು ಮರಳು, ಕಾಲು ಕೊಟ್ಟಿಗೆ ಗೊಬ್ಬರ ಸೇರಿಸಿ ನೆಲದಿಂದ ಒಂದಡಿ ಏರಿಸಿದ ದಿಬ್ಬದಲ್ಲಿ ನೆಡಿ. 20 ಅಡಿಗೆ ಮೂರು ಗಿಡ ಸಾಕು. ಚೀಲವನ್ನು ಬ್ಲೇಡಿನಿಂದ ಸೀಳಿ, ಬೇರಿನ ಗಡ್ಡೆ ಒಡೆಯದಂತೆ ಇಳಿಸಬೇಕು. ಇದರ ಬೇರು ತೆಳು, ಮಣ್ಣು ಉದುರಿದರೆ ಗಿಡ ಸೊರಗುತ್ತದೆ.

ಮೊದಲ ಎರಡು ತಿಂಗಳು ಮೂರು ದಿನಕ್ಕೊಮ್ಮೆ 5 ಲೀಟರ್ ನೀರು. ಬೇರು ಕೂತ ಮೇಲೆ ಬೇಸಿಗೆಯಲ್ಲೂ ವಾರಕ್ಕೊಮ್ಮೆ ಸಾಕು. ದಿನಾ ನೀರು ಬಿಟ್ಟು ಯೂರಿಯಾ ಹಾಕಿದರೆ ಬರೀ ಎಲೆ, ಹೂವಿಲ್ಲ. ಎಲೆ ತುಸು ಬಾಡುವವರೆಗೆ ಕಾದು ನೀರು ಕೊಟ್ಟರೆ ಮೊಗ್ಗು ಬರುತ್ತದೆ. ಹೂ ಹೊಸ ಚಿಗುರಿನಲ್ಲೇ ಬಿಡುವುದರಿಂದ ಒಂದು ಸುತ್ತು ಮುಗಿದೊಡನೆ ಟೊಂಗೆಯ ಮೂರನೇ ಒಂದು ಭಾಗ ಕತ್ತರಿಸಿ. ಮುಳ್ಳಿದೆ, ಗೇಟಿನಿಂದ ನಾಲ್ಕಡಿ ದೂರ ಇರಲಿ.

ಪ್ರಶ್ನೆ ಕೇಳಿದವರು:
ಮೂಡಣ ವರಾಂಡದಲ್ಲಿ ಒಂದಾದರೂ ಇಕ್ಸೋರಾ ಬೇಕು ಅಂತ ಮನೆಯಲ್ಲಿ ಹಟ. ಕುಂಡದಲ್ಲಿ ಬರುತ್ತದಾ?

ಉತ್ತರ 3:
ಬರುತ್ತದೆ, ಬೆಳಗಿನ ಬಿಸಿಲು ಅದಕ್ಕೆ ಚೊಲೋ. 14 ಇಂಚಿನ ಕುಂಡಕ್ಕೆ ಎರಡು ಪಾಲು ಮಸಾರಿ, ಒಂದು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ಎರೆಹುಳು ಗೊಬ್ಬರ. ಎರೆ ಮಣ್ಣು ಒಂದು ಹಿಡಿಯೂ ಬೇಡ. ಮೇಲಿನ ಒಂದಿಂಚು ಮಣ್ಣು ಒಣಗಿದಾಗ ನೀರು ಕೊಡಿ. ಏಪ್ರಿಲ್, ಮೇನಲ್ಲಿ ದಿನಾ ಬೇಕಾದೀತು. ಹಿಡಿದಿಟ್ಟ ಮಳೆನೀರು ಇದ್ದರೆ ಅದನ್ನು ಈ ಗಿಡಕ್ಕೇ ಮೀಸಲಿಡಿ. ಬೋರ್ ನೀರು ಬಿಟ್ಟರೆ ಪಿಎಚ್ ಮೆಲ್ಲಗೆ ಏರಿ ಹಳದಿ ಮತ್ತೆ ಬರುತ್ತದೆ.

ಆಗ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ, 10 ದಿನದ ಅಂತರದಲ್ಲಿ ಮೂರು ಸಲ. ಸುಣ್ಣವಿರುವ ಮಣ್ಣಿಗೆ ಸುರಿದರೆ ಅದು ತುಕ್ಕಾಗಿ ವ್ಯರ್ಥ. ಮಣ್ಣಿಗೇ ಕೊಡಬೇಕೆಂದರೆ ಇಡಿಡಿಎಚ್ಎ ಕಬ್ಬಿಣ (ಸುಣ್ಣದ ಮಣ್ಣಲ್ಲೂ ಕರಗಿಯೇ ಉಳಿಯುವ ಕಬ್ಬಿಣದ ಗೊಬ್ಬರ) ಕೇಳಿ ತನ್ನಿ. ಅಂಗಡಿಯವರು ಅಗ್ಗದ ಇಡಿಟಿಎ ಕಬ್ಬಿಣ ಕೊಟ್ಟಾರು, ಸುಣ್ಣದ ಮಣ್ಣಲ್ಲಿ ಅದು ನಿಲ್ಲದು. ಸಿಂಪಡಣೆ ಫಲ ಕೊಟ್ಟಿತೋ ಇಲ್ಲವೋ ಅನ್ನುವುದನ್ನು ಹೊಸ ಚಿಗುರು ನೋಡಿ ತಿಳಿಯಿರಿ. ಇರುವೆ ಸಾಲು ಹತ್ತಿದ್ದರೆ ಎಲೆಯಡಿ ಹಿಟ್ಟುತಿಗಣೆ ಹುಡುಕಿ. ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ನೀರಲ್ಲಿ ಬೆರೆಯಲು ಒಂದೆರಡು ಹನಿ ಸೋಪಿನ ದ್ರಾವಣ ಸೇರಿಸಿ ಸಿಂಪಡಿಸಿ.