ಸಹಾಯ ಬೇಕು: ಬ್ರಹ್ಮಾವರದಲ್ಲಿ ಬಿಷಪ್ ಅಲ್ವಾರೆಸ್ ಕಾಲದ ದಾಖಲೆಗಳು

ಸದಸ್ಯರೆಲ್ಲರಿಗೂ ನಮಸ್ಕಾರ. ಅಮೆರಿಕದ ವಿಸ್ಕಾನ್ಸಿನ್‌ನ ಹಳೆಯ ಚರ್ಚೊಂದನ್ನು ನೋಡಲು ಹೋಗಿದ್ದಾಗ, ಯಾವ ಸಭೆಯ ಅಧೀನಕ್ಕೂ ಒಳಪಡದ, ತೇಪೆ ಹಾಕಿದ ನಿಲುವಂಗಿ ತೊಟ್ಟು ಖಾಲಿ ಬೆಂಚುಗಳೆದುರು ಒಬ್ಬರೇ ಲ್ಯಾಟಿನ್‌ನಲ್ಲಿ ಪೂಜೆ ಸಲ್ಲಿಸುತ್ತಿದ್ದ ವೃದ್ಧ ಪಾದ್ರಿಯೊಬ್ಬರು ಎದುರಾದರು. ನನ್ನದು ಉಡುಪಿ ಕಡೆ ಎಂದೊಡನೆ ಅವರು ಬ್ರಹ್ಮಾವರದ ಹೆಸರೆತ್ತಿ ನನ್ನ ಕೈ ಹಿಡಿದುಕೊಂಡರು.

ಗೋವಾದ ಪಾದ್ರಿ ಅಲ್ವಾರೆಸ್ ರೋಮಿನ ಕ್ಯಾಥೊಲಿಕ್ ಸಭೆಯಿಂದ ಬೇರ್ಪಟ್ಟು 1889ರಲ್ಲಿ ಆರ್ಥೊಡಾಕ್ಸ್ ಬಿಷಪರಾದರು; ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆ ಆರಂಭವಾದದ್ದು ಅವರ ಕಾಲದಲ್ಲೇ. ಅವರು 1892ರಲ್ಲಿ ಕೊಲಂಬೊದಲ್ಲಿ ವಿಲಾಟ್ ಎಂಬುವರಿಗೆ ಬಿಷಪ್ ದೀಕ್ಷೆ ನೀಡಿದರು. ವಿಸ್ಕಾನ್ಸಿನ್‌ನಲ್ಲಿ ಸೇವೆ ಸಲ್ಲಿಸಿದ ಆ ವಿಲಾಟರ ದೀಕ್ಷಾ ಪರಂಪರೆಯವರು ತಾವೆಂದು ಈ ಪಾದ್ರಿಗಳು ಹೇಳುತ್ತಾರೆ. ಅವರ ರೀತಿ ವಿಚಿತ್ರವೆನಿಸಬಹುದು, ಆದರೆ ನಮ್ಮೂರಿನ ಬಗ್ಗೆ ಅವರಿಗಿರುವ ಶ್ರದ್ಧೆ ನನ್ನನ್ನು ನಿಜಕ್ಕೂ ಕಲಕಿತು.

ಬ್ರಹ್ಮಾವರದಲ್ಲಿ ಆ ಕಾಲದ ಪತ್ರ, ಜ್ಞಾನಸ್ನಾನದ ದಾಖಲೆ ಅಥವಾ ಛಾಯಾಚಿತ್ರ ಯಾರ ಬಳಿಯಾದರೂ ಇದ್ದರೆ, ಅವುಗಳನ್ನು ನೋಡಲು ಯಾರ ಅನುಮತಿ ಪಡೆಯಬೇಕೆಂದು ಗೊತ್ತಿದ್ದರೆ, ದಯವಿಟ್ಟು ತಿಳಿಸಿರಿ.