ಸಹಿ ಹಾಕಲ್ಲ ಅಂದರೆ ಹಟವೇ? ಮುಂಬಯಿ ಸೊಸೈಟಿಗಳ ರಿಡೆವಲಪ್‌ಮೆಂಟ್ ಒತ್ತಡ

ಮುಲುಂಡ್ ನಿವಾಸಿ: ನಮ್ಮ ಕಟ್ಟಡ ಒಡೆದು ಹೊಸದು ಕಟ್ಟುವ ಮಾತು ನಡೆದಿದೆ. ಮನೆ ಅಮ್ಮನ ಹೆಸರಲ್ಲಿದೆ. ಸೊಸೈಟಿ ಕಮಿಟಿಯವರು ತಂದ ಒಪ್ಪಿಗೆ ಪತ್ರದಲ್ಲಿ ಹೊಸ ಮನೆಯ ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಬಳಕೆಯ ಜಾಗ) ಇರಬೇಕಾದ ಕಡೆ ಖಾಲಿ ಗೆರೆ, ಕಟ್ಟಿ ಮುಗಿಯುವ ತನಕ ಬಿಲ್ಡರ್ ಕೊಡುವ ಬಾಡಿಗೆ ಎಷ್ಟು ಅನ್ನುವ ಕಡೆಯೂ ಖಾಲಿ. ಅಮ್ಮ "ಮೊದಲು ಇದನ್ನು ತುಂಬಿಸಿ ಕೊಡಿ" ಅಂದರು. ಅಂದಿನಿಂದ ಲಿಫ್ಟಿನಲ್ಲೂ ಯಾರೂ ಮಾತಾಡಿಸುವುದಿಲ್ಲ. ಮೊನ್ನೆ ಪಕ್ಷದ ಹುಡುಗರು ಬಾಗಿಲಿಗೆ ಬಂದು "ಆಂಟಿ, ಬೇಗ ಮುಗಿಸಿಬಿಡಿ" ಅಂತ ಹೇಳಿ ಹೋದರು. ಏನು ಮಾಡಲಿ?

ದಾದರ್‌ನವ: ಅಮ್ಮ ಗಟ್ಟಿಯಾಗಿ ನಿಲ್ಲಲಿ. 1967ರ ಲೋಕಸಭೆ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸೋಕಾಗಲ್ಲ ಅಂತಿದ್ದರು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಸೋಲಿಸಲಿಲ್ವಾ?

ಡೊಂಬಿವಲಿಯಿಂದ: ಅಣ್ಣ, ಅಲ್ಲಿ ಎದುರಿಗಿದ್ದದ್ದು ಅಧಿಕಾರ. ಇಲ್ಲಿ ಎದುರಿಗಿರುವವರು ಪಕ್ಕದ ಮನೆಯವರು. ನಮ್ಮ ಕಟ್ಟಡದ ಕಂಬಗಳಲ್ಲಿ ತುಕ್ಕು ಹಿಡಿದ ಕಬ್ಬಿಣ ಹೊರಗೆ ಬಂದಿದೆ. ಮಳೆಗಾಲದಲ್ಲಿ ಚಾವಣಿಯ ಗಾರೆ ಮಂಚದ ಮೇಲೆ ಬೀಳುತ್ತದೆ. ಇಬ್ಬರು "ಈಗಿರೋದೇ ಚೆನ್ನಾಗಿದೆ" ಅಂತ ಕೂತಿದ್ದಾರೆ. ಅವರಿಗೆ ಕೇಳೋಕೆ ಪ್ರಶ್ನೆ ಒಂದೂ ಇಲ್ಲ, ಸುಮ್ನೆ ಬೇಡ ಅಷ್ಟೇ. ಇದನ್ನು ಹೋರಾಟ ಅಂತ ಹೊಗಳಬೇಡಿ.

ಗೋರೆಗಾಂವ್ ಅಕ್ಕ: ನಂಬಿ ಸಹಿ ಹಾಕಿದವರ ಗತಿಯನ್ನೂ ನೋಡಿ. ನಮ್ಮಲ್ಲೇ ಪತ್ರಾ ಚಾಳ್ ಇದೆ. 2008ರಲ್ಲಿ ಅದನ್ನು ಒಡೆದು ಹೊಸದು ಕಟ್ಟುವ ಒಪ್ಪಂದವಾಯ್ತು. 672 ಕುಟುಂಬಗಳು ಮನೆ ಬಿಟ್ಟು ಹೋದವು. ನಡುವೆ ಬಿಲ್ಡರ್ ಬಾಡಿಗೆ ಕೊಡುವುದು ನಿಲ್ಲಿಸಿದ, ಕೆಲಸವೂ ನಿಂತಿತು. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಅವರು ಬೇರೆಯವರ ಮನೆಗಳಲ್ಲಿ ಕಳೆದರು. ಸ್ವಂತ ಮನೆ ನೋಡದೇ ತೀರಿಕೊಂಡ ಹಿರಿಯರೂ ಇದ್ದಾರೆ. ಆ ಖಾಲಿ ಗೆರೆಗೆ ಅಮ್ಮ ಹೆದರುವುದರಲ್ಲಿ ತಪ್ಪೇನಿದೆ?

ಚೆಂಬೂರು ವಕೀಲ: ಇಬ್ಬರ ಮಾತೂ ಕೇಳಿದೆ. ಮಹಾರಾಷ್ಟ್ರ ಸರ್ಕಾರದ 2019ರ ಜುಲೈ 4ರ ಆದೇಶದ ಪ್ರಕಾರ ಒಟ್ಟು ಸದಸ್ಯರಲ್ಲಿ 51 ಶೇಕಡಾ ಒಪ್ಪಿದರೆ ಸಾಕು. ನಾಲ್ಕೈದು ಜನ ಸೇರಿ ಬಹುಮತವನ್ನು ತಡೆಯಲಾಗದು ಅಂತ ಬಾಂಬೆ ಹೈಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕೊನೆತನಕ ಸಹಿ ಹಾಕದಿದ್ದರೆ ಕೋರ್ಟ್ ಮನೆ ಖಾಲಿ ಮಾಡಿಸಬಹುದು. ಆದರೆ ಕಾಗದ ಕೇಳುವುದು ಹಟವಲ್ಲ, ಅದು ಸದಸ್ಯರ ಹಕ್ಕು. ಬಿಲ್ಡರನ್ನು ಆರಿಸುವ ಸಭೆಗೆ ಸಹಕಾರಿ ಸಂಘಗಳ ರಿಜಿಸ್ಟ್ರಾರ್ ಕಚೇರಿಯ ಅಧಿಕಾರಿ ಬರಬೇಕು, ಸಭೆಯ ವಿಡಿಯೊ ಆಗಬೇಕು. ಯೋಜನೆಯ ವೆಚ್ಚದ 20 ಶೇಕಡಾ ಮೊತ್ತಕ್ಕೆ ಬಿಲ್ಡರ್ ಬ್ಯಾಂಕ್ ಗ್ಯಾರಂಟಿ (ಅವನು ಕೈಕೊಟ್ಟರೆ ಬ್ಯಾಂಕ್ ಹಣ ಕೊಡುವ ಖಾತರಿ) ಕೊಡಬೇಕು ಅಂತಲೂ ಅದೇ ಆದೇಶದ ಮಾರ್ಗಸೂಚಿಯಲ್ಲಿದೆ. ಬಿಲ್ಡರ್ ಓಡಿಹೋದರೆ ಕೈಗೆ ಸಿಗುವುದು ಅದೊಂದೇ.

ಡೊಂಬಿವಲಿಯಿಂದ: ಇಷ್ಟು ಕೇಳಿದರೆ ನನ್ನದೇನೂ ತಕರಾರಿಲ್ಲ. ಆದರೆ ಇವೆಲ್ಲ ಸಿಕ್ಕ ಮೇಲೆ ಅಮ್ಮ ಸಹಿ ಹಾಕುತ್ತಾರಾ? ಅದನ್ನು ಈಗಲೇ ಹೇಳಬೇಕು.

ಮುಲುಂಡ್ ನಿವಾಸಿ: ಅಮ್ಮನನ್ನು ಕೇಳಿದೆ. "ಬರೆದು ಕೊಟ್ಟರೆ ಅಂದೇ ಹಾಕುತ್ತೇನೆ" ಅಂದರು. ಆದರೆ ಆ ಹುಡುಗರು ಮತ್ತೆ ಬಂದರೆ?

ಚೆಂಬೂರು ವಕೀಲ: ಬಾಗಿಲಲ್ಲಿ ನಿಂತು ವಾದ ಮಾಡಬೇಡಿ. ಏರಿಯಾ, ಬಾಡಿಗೆ, ಗ್ಯಾರಂಟಿ ಈ ಮೂರನ್ನೂ ಬರೆದು ಕಮಿಟಿಗೆ ಕೊಡಿ, ಪ್ರತಿಯ ಮೇಲೆ ಸೊಸೈಟಿಯ ಮೊಹರು ಹಾಕಿಸಿಕೊಳ್ಳಿ. "ಇವು ಸಿಕ್ಕರೆ ಸಹಿಗೆ ಸಿದ್ಧ" ಅನ್ನುವ ಸಾಲು ಅದರಲ್ಲೇ ಇರಲಿ. ಹುಡುಗರು ಬೆದರಿಸಿದರೆ ಪೊಲೀಸ್ ಠಾಣೆಗೆ ಬೇರೆ ಅರ್ಜಿ ಕೊಡಿ. ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸಬೇಡಿ.

ಗೋರೆಗಾಂವ್ ಅಕ್ಕ: ಸಭೆಗೆ ಅಮ್ಮನೊಬ್ಬರನ್ನೇ ಕಳಿಸಬೇಡಿ. ನೀವೂ ಜೊತೆಗೆ ಹೋಗಿ.